ತಂತ್ರಾಂಶಗಳ ಆವೃತ್ತಿಸಂಖ್ಯೆ

ಒಂದೇ ಗ್ರಂಥದ ಪ್ರತಿಗಳಲ್ಲಿ ಪಾಠಭೇದಗಳು ಕಂಡುಬಂದಾಗ, ಯಾವುದು ಮೊದಲಿನದು, ಯಾವುದು ತರುವಾಯದ್ದು ಎಂದು ನಿರ್ಣಯಿಸುವ ಕ್ಲೇಶವನ್ನು ವಾಚಕರು ಬಲ್ಲರು. ಗಣಕಯಂತ್ರದ ತಂತ್ರಾಂಶಗಳಿಗೂ ಈ ಕ್ಲೇಶವುಂಟು. ಒಂದು ತಂತ್ರಾಂಶವು ಅನ್ಯ ತಂತ್ರಾಂಶಗಳನ್ನು ಆಶ್ರಯಿಸಿರುವುದರಿಂದ, ಮೂಲದಲ್ಲಾದ ಒಂದು ವ್ಯತ್ಯಾಸವು ಆಶ್ರಿತವಾದುದೆಲ್ಲವನ್ನೂ ಕೆಡಿಸಬಲ್ಲುದು.

ಇದರ ಪರಿಹಾರಕ್ಕಾಗಿ ಟಾಮ್ ಪ್ರೆಸ್ಟನ್-ವರ್ನರ್ ಎಂಬವರು ರಚಿಸಿದ ‘ಸೆಮ್ಯಾಂಟಿಕ್ ವರ್ಷನಿಂಗ್’ ಎಂಬ ನಿಯಮಾವಳಿಯು ಪ್ರಸಿದ್ಧವಾಗಿದೆ, ಅದರದೇ 2.0.0 ಆವೃತ್ತಿಯು 2013ರಲ್ಲಿ ಹೊರಬಂದಿತು. ಇದರಲ್ಲಿ ಸಂಖ್ಯೆಗೆ ಮೂರು ಅಂಗಗಳು. ಈಗಿರುವುದು 2.4.1 ಎಂದಿಟ್ಟುಕೊಳ್ಳೋಣ. ದೋಷವನ್ನು ಮಾತ್ರ ತಿದ್ದಿದರೆ 2.4.2, ಹಳೆಯ ಬಳಕೆಗೆ ಬಾಧಕವಿಲ್ಲದೆ ಹೊಸ ಸೌಕರ್ಯವನ್ನು ಕೂಡಿಸಿದರೆ 2.5.0; ಹಳೆಯ ಬಳಕೆಗೇ ಬಾಧೆಯಾದರೆ 3.0.0. ಹೀಗೆ ಸಂಖ್ಯೆಯು ಕೇವಲ ಕ್ರಮಸೂಚಕವಲ್ಲ. ಬಳಸುವವರಿಗೆ ಕೊಟ್ಟ ಮಾತು. ಒಮ್ಮೆ ಪ್ರಕಟಿಸಿದ ಆವೃತ್ತಿಯನ್ನು ತಿದ್ದಕೂಡದು. ತಿದ್ದುಪಡಿಗೆ ಹೊಸ ಸಂಖ್ಯೆಯೇ ಬೇಕು.

ಇನ್ನು ಪ್ರಕಟನೆಯ ವಿಚಾರ. ಲಿಪಿಕಾರನ ಕೈ ತಪ್ಪುವಂತೆ ಇಲ್ಲಿಯೂ ತಪ್ಪೀತು: ಸಂಖ್ಯೆಯನ್ನೇರಿಸಲು ಮರೆತಾರು, ಪರೀಕ್ಷಿಸದೆ ಹೊರಡಿಸಿಯಾರು. ಆದುದರಿಂದ ಈ ಕಾರ್ಯವನ್ನು ಯಂತ್ರಕ್ಕೇ ಒಪ್ಪಿಸುವುದುಂಟು. ರೂಢಿಯಲ್ಲಿರುವ ಒಂದು ಪದ್ಧತಿಯಂತೆ, ಬರೆದವನು ದೋಷನಿವಾರಣೆಗೆ ‘ಫಿಕ್ಸ್’, ಹೊಸ ಸೌಕರ್ಯಕ್ಕೆ ‘ಫೀಟ್’ ಎಂಬ ಸಂಜ್ಞೆಯನ್ನೂ, ಬಾಧಕವಾದುದಕ್ಕೆ ಉದ್ಗಾರಚಿಹ್ನೆಯನ್ನೂ ಇಡುತ್ತಾನೆ. ಯಂತ್ರವು ಇವನ್ನೋದಿ, ಪರೀಕ್ಷೆಗಳು ಸಫಲವಾದ ಬಳಿಕ ಸಂಖ್ಯೆಯನ್ನು ನಿಶ್ಚಯಿಸಿ, ಬದಲಾವಣೆಗಳ ಪಟ್ಟಿಯೊಡನೆ ಪ್ರಕಟಿಸುತ್ತದೆ.

ಆದರೆ ಬಾಧಕವಾದ ತಿದ್ದುಪಡಿಗೆ ಬರೆದವನು ‘ಫಿಕ್ಸ್’ ಎಂದಷ್ಟೇ ಬರೆದರೆ, ಯಂತ್ರವು ನಿಸ್ಸಂಕೋಚವಾಗಿ ಸುಳ್ಳು ಸಂಖ್ಯೆಯನ್ನೇ ಹೊರಡಿಸುವುದು. ಮರವೆಯನ್ನು ಯಂತ್ರವು ನೀಗಬಲ್ಲುದು. ಸತ್ಯದ ಹೊಣೆಯು ಬರೆದವನದೇ.