ನಿಮಗಿದು ಗೊತ್ತೆ? ಸೀನರಿ ಮೊದಲು ಇದ್ದದ್ದು ರಂಗದ ಮೇಲೆ!

ಆಗುಂಬೆಯ ಸೂರ್ಯಾಸ್ತ ಕಂಡು ‘ಎಂಥ ಸೀನರಿ!’ ಎನ್ನುತ್ತೇವಲ್ಲ, ಆ ಮಾತು ಹುಟ್ಟಿದ್ದು ನಾಟಕದ ಮನೆಯಲ್ಲಿ. ಪ್ರಾಚೀನ ಗ್ರೀಸಿನಲ್ಲಿ ರಂಗದ ಹಿಂದೆ ನಟರು ವೇಷ ಬದಲಿಸುತ್ತಿದ್ದ ಡೇರೆ ಅಥವಾ ಗುಡಿಸಲಿಗೆ ‘ಸ್ಕೀನೆ’ ಎಂದು ಹೆಸರು. ಇಂಗ್ಲಿಷಿನ ‘ಸೀನ್’, ‘ಸೀನರಿ’ಗಳ ಮೂಲ ಅದೇ. ಗ್ರೀಕ್ ರಂಗಕ್ಕೆ ಚಿತ್ರಿತ ದೃಶ್ಯವನ್ನು ತಂದವನು ನಾಟಕಕಾರ ಸೋಫೋಕ್ಲಿಸ್ ಎನ್ನುತ್ತಾನೆ ಅರಿಸ್ಟಾಟಲ್.

ಶತಮಾನಗಳ ಬಳಿಕ ಇಟಲಿಯ ವಿಚೆಂಜಾ ನಗರದ ಒಲಿಂಪಿಕೊ ರಂಗಮಂದಿರದಲ್ಲಿ 1585ರಲ್ಲಿ ಸೋಫೋಕ್ಲಿಸನ ‘ಈಡಿಪಸ್’ ಆಡಿದರು. ಅದಕ್ಕಾಗಿ ಸ್ಕಾಮೊಟ್ಸಿ ಎಂಬ ವಾಸ್ತುಶಿಲ್ಪಿ ಮರ ಮತ್ತು ಗಾರೆಯಲ್ಲಿ, ನಾಟಕದ ಕಥೆ ನಡೆಯುವ ಥೀಬ್ಸ್ ನಗರದ ಬೀದಿಗಳನ್ನೇ ಕಟ್ಟಿದ. ಹಿಂದೆ ಹೋದಂತೆ ನೆಲ ಏರುತ್ತದೆ, ಮನೆಗಳು ಕುಗ್ಗುತ್ತವೆ. ನಾಲ್ಕು ಹೆಜ್ಜೆಯ ಓಣಿ ಫರ್ಲಾಂಗು ದೂರದಂತೆ ಕಾಣುತ್ತದೆ. ನಟ ಒಳಹೊಕ್ಕರೆ ಮಾತ್ರ ಮಾಳಿಗೆಗಿಂತ ಎತ್ತರವಾಗಿ ಗುಟ್ಟು ರಟ್ಟು! ಒಂದೇ ನಾಟಕಕ್ಕೆಂದು ಮಾಡಿದ ಆ ಬೀದಿಗಳು ಇಂದಿಗೂ ಉಳಿದಿವೆ.

ಬೆಟ್ಟ, ಕಣಿವೆಗಳಿಗೆ ‘ಸೀನರಿ’ ಎಂಬ ಪದ ಅಂಟಿಕೊಂಡದ್ದು 18ನೇ ಶತಮಾನದಲ್ಲಿ. ಪ್ರಕೃತಿಯನ್ನು ಚೌಕಟ್ಟಿನೊಳಗಿನ ಚಿತ್ರದಂತೆ ನೋಡುವುದು ಆಗ ಇಂಗ್ಲೆಂಡಿನ ಪ್ರವಾಸಿಗರಿಗೆ ದೊಡ್ಡ ಶೋಕಿ.

ನಮ್ಮ ಕಂಪನಿ ನಾಟಕಗಳಲ್ಲೂ ಅರಮನೆ, ಕಾಡು, ಬೀದಿ ಬರೆದ ಪರದೆಗಳಿದ್ದವು. ಗುಬ್ಬಿ ವೀರಣ್ಣನವರಂತೂ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು.

ಅಂದಹಾಗೆ, ಇಂಗ್ಲಿಷಿನಲ್ಲಿ ‘ಸೀನರಿ’ಗೆ ಬಹುವಚನವಿಲ್ಲ. ಕನ್ನಡದಲ್ಲಿ ‘ಸೀನರಿಗಳು’ ಎನ್ನಲು ಅಡ್ಡಿಯೇನಿಲ್ಲ.