ಗಳಗಂಡದ ಶಸ್ತ್ರಚಿಕಿತ್ಸೆ ಮತ್ತು ಕಂಠಸ್ವರ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಜನರಿಗೆ ಗಳಗಂಡ ಹೊಸ ಕಾಯಿಲೆಯಲ್ಲ. ಸುರಿವ ಮಳೆಗೆ ಮಣ್ಣಿನ ಅಯೋಡಿನ್ ಕೊಚ್ಚಿಹೋಗುವ ಮಲೆನಾಡಿನಲ್ಲಿ, ಕುತ್ತಿಗೆಯ ಗಡ್ಡೆಯನ್ನು ಸೆರಗಿನಲ್ಲಿ ಮರೆಸಿಕೊಂಡ ಅಜ್ಜಿಯರನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಕ್ರಮೇಣ ಅಯೋಡಿನ್‌ಯುಕ್ತ ಉಪ್ಪು ಮನೆಮನೆಗೆ ಬಂದ ಮೇಲೆ ಅಂತಹ ಗಡ್ಡೆಗಳು ವಿರಳವಾದವು. ಆದರೂ ಥೈರಾಯ್ಡ್ ಗ್ರಂಥಿಯ ಗಂಟುಗಳು ಇಂದಿಗೂ ಇವೆ. ಶಸ್ತ್ರಚಿಕಿತ್ಸೆಯ ಭಯವೂ ಇದೆ.

ಕೆಲವು ವರ್ಷಗಳ ಹಿಂದೆ ವಚನಗಾಯನ ಮಾಡುವ ತಾಯಿಯೊಬ್ಬರು ಚಿಕಿತ್ಸೆಗೆ ಬಂದರು. ಗಡ್ಡೆ ದೊಡ್ಡದಾಗಿತ್ತು, ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. "ಕೊಯ್ಯಿಸಿದರೆ ಧ್ವನಿ ಹೋಗುತ್ತದಂತೆ. ಕಾಂಚನಾರ ಗುಗ್ಗುಲು ಕೊಡಿ, ಸಾಕು" ಎಂದರು. ಆ ಔಷಧವನ್ನು ನಾನೂ ಬರೆಯುವವನೇ. ಆದರೆ ಶ್ವಾಸನಾಳವನ್ನು ಒತ್ತುತ್ತಿರುವ ಗಡ್ಡೆಗೆ ಗುಳಿಗೆ ಕೊಟ್ಟು ಕಾಲ ಕಳೆಯುವುದು ವೈದ್ಯಧರ್ಮವಲ್ಲ. ಶಸ್ತ್ರವೈದ್ಯರ ಬಳಿಗೆ ಕಳುಹಿಸಿದೆ.

ಅವರ ಭಯ ನಿರಾಧಾರವೇನೂ ಅಲ್ಲ. ಕಂಠನಾಡಿಯ ಇಕ್ಕೆಲಗಳಲ್ಲಿರುವ ನೀಲಾ, ಮನ್ಯಾ ಎಂಬ ಮರ್ಮಗಳಿಗೆ ಪೆಟ್ಟಾದರೆ ಮೂಕತನವೂ ಸ್ವರವಿಕಾರವೂ ಉಂಟಾಗುತ್ತವೆಂದು ಸುಶ್ರುತಸಂಹಿತೆ ಎಚ್ಚರಿಸಿದೆ. ಸ್ವರತಂತುಗಳನ್ನು ಆಡಿಸುವ ನರ ಎದೆಯವರೆಗೆ ಇಳಿದು, ಎಡಗಡೆ ಮಹಾಧಮನಿಯನ್ನು ಬಳಸಿ, ಮತ್ತೆ ಮೇಲೇರಿ, ಥೈರಾಯ್ಡಿನ ಬೆನ್ನಿಗೆ ಅಂಟಿದಂತೆ ಸಾಗುತ್ತದೆ. ನೂಲಿನಷ್ಟು ಸಣ್ಣ ನರ. ಒಂದು ಬದಿಯದು ಘಾಸಿಗೊಂಡರೆ ಧ್ವನಿ ಒಡೆಯುತ್ತದೆ, ನೀರು ಕುಡಿದರೆ ಕೆಮ್ಮು ಬರುತ್ತದೆ. ಎರಡೂ ಸೋತರೆ ಉಸಿರಾಟಕ್ಕೇ ಕುತ್ತು.

ಈಗ ಹಲವು ದೊಡ್ಡ ಆಸ್ಪತ್ರೆಗಳಲ್ಲಿ ನರವನ್ನು ಕಾಯುವ ಯಂತ್ರವಿದೆ. ಅರಿವಳಿಕೆಯ ವೇಳೆ ಗಂಟಲಿಗೆ ಇಳಿಸುವ ಕೊಳವೆಯ ಮೇಲಿನ ವಿದ್ಯುದ್ವಾಹಕಗಳು ಸ್ವರತಂತುಗಳಿಗೆ ತಾಗಿರುತ್ತವೆ. ಶಸ್ತ್ರವೈದ್ಯರು ಸಂಶಯವಿದ್ದೆಡೆ ಅತಿ ಸೌಮ್ಯ ವಿದ್ಯುತ್ತನ್ನು ಮುಟ್ಟಿಸುತ್ತಾರೆ. ಅದು ನರವಾಗಿದ್ದರೆ ಸ್ವರತಂತು ಮಿಡಿದು ಯಂತ್ರ ಸದ್ದು ಮಾಡುತ್ತದೆ. ಮೊದಲ ಬದಿಯಲ್ಲಿ ಆ ಸದ್ದು ನಿಂತುಹೋದರೆ ಎರಡನೆಯ ಬದಿಯನ್ನು ಮುಂದಕ್ಕೆ ಹಾಕಬಹುದು. ನನ್ನ ದೃಷ್ಟಿಯಲ್ಲಿ ಇದರ ದೊಡ್ಡ ಉಪಕಾರ ಇದೇ. ಯಂತ್ರವಿದ್ದ ಮಾತ್ರಕ್ಕೆ ಶಾಶ್ವತ ಹಾನಿ ಕಡಿಮೆಯಾಗುತ್ತದೆಂದು ಸಂಶೋಧನೆಗಳು ಇನ್ನೂ ಖಚಿತವಾಗಿ ತೋರಿಸಿಲ್ಲ. ನರವನ್ನು ಕಣ್ಣಾರೆ ಗುರುತಿಸುವ ನುರಿತ ಕೈಯೇ ಮುಖ್ಯ. ಆದುದರಿಂದ ಯಂತ್ರದ ವಿಚಾರಕ್ಕಿಂತ ಮೊದಲು, ಇಂತಹ ಶಸ್ತ್ರಚಿಕಿತ್ಸೆ ಎಷ್ಟು ಮಾಡಿದ್ದೀರಿ ಎಂದು ವಿನಯದಿಂದ ಕೇಳಿರಿ. ಕೇಳುವುದು ಅವಿನಯವಲ್ಲ.

ಹಾಡುವವರು, ಪಾಠ ಹೇಳುವವರು, ಪ್ರವಚನಕಾರರು ತಮ್ಮ ಕಾಯಕವನ್ನು ಮೊದಲೇ ತಿಳಿಸಬೇಕು. ತಾರಸ್ಥಾಯಿಗೆ ಸ್ವರತಂತುವನ್ನು ಬಿಗಿಗೊಳಿಸುವ ಇನ್ನೊಂದು ಸಣ್ಣ ನರ ಗ್ರಂಥಿಯ ಮೇಲ್ತುದಿಯಲ್ಲಿದೆ. ಅದು ಘಾಸಿಗೊಂಡರೆ ಮಾತು ಸರಿಯಿದ್ದರೂ ಮೇಲಿನ ಸ್ವರ ಹತ್ತುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನವೂ ಅನಂತರವೂ ಸ್ವರತಂತುಗಳನ್ನು ದರ್ಶಕದಿಂದ ಪರೀಕ್ಷಿಸಿಕೊಳ್ಳುವುದು ಒಳಿತು. ಕೆಲವರಲ್ಲಿ ಗಡ್ಡೆಯೇ ಮೊದಲು ನರವನ್ನು ಕೆಡಿಸಿರುತ್ತದೆ. ಕೊಳವೆಯ ಒರಸಾಟದಿಂದ ಬರುವ ಗೊಗ್ಗರು ಕೆಲವೇ ದಿನಗಳದು. ನರ ತುಂಡಾಗದೆ ಬರಿದೇ ಜಗ್ಗಿದ್ದರೆ ಹೆಚ್ಚಿನವರಲ್ಲಿ ಧ್ವನಿ ತಿಂಗಳುಗಳಲ್ಲಿ ಮರಳುತ್ತದೆ. ಧ್ವನಿಚಿಕಿತ್ಸಕರ ಅಭ್ಯಾಸ ನೆರವಾಗುತ್ತದೆ. ಆದರೆ ಉಸಿರಿನಲ್ಲಿ ಸೀಟಿಯಂತಹ ಸದ್ದು ಬಂದರೆ ಒಡನೆಯೇ ಆಸ್ಪತ್ರೆಗೆ ಧಾವಿಸಬೇಕು. ಕಷಾಯ ಕುದಿಸುತ್ತ ಕೂರಬಾರದು.

ಆ ತಾಯಿಯ ಧ್ವನಿ ಎರಡು ತಿಂಗಳು ಮಂಕಾಗಿತ್ತು. ಈಗ ಹಾಡುತ್ತಿದ್ದಾರೆ, ಶ್ರುತಿಯನ್ನು ಒಂದು ಮನೆ ಕೆಳಗಿಳಿಸಿಕೊಂಡು. ಅಂಗಾತ ಮಲಗಿ ನಿದ್ರಿಸುತ್ತಾರಂತೆ.