ಬಿಡಿ ತಾಮ್ರ ಉಳಿಸದ ಕಸುಬು

ಮುಂಗಾರು ಹಿಡಿಯುವ ಮುನ್ನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅಡಿಕೆ ತೋಟಗಳಲ್ಲಿ ಮದ್ದು ಬಿಡುವ ಗಡಿಬಿಡಿ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಶೇಕಡಾ ಒಂದರ ಬೋರ್ಡೋ ದ್ರಾವಣದ ಲೆಕ್ಕ ಇಷ್ಟೇ. ಪಳಗಿದವರು ಮಾತ್ರ ಪಂಪಿನ ಪೈಪು ಇಳಿಸುವ ಮೊದಲು ಹೊಳೆಯುವ ಕತ್ತಿಯ ಅಲಗನ್ನು ಡ್ರಮ್ಮಿನಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು, ಸುಣ್ಣದ ಹಿಡಿತಕ್ಕೆ ಸಿಗದೆ ಉಳಿದ ಬಿಡಿ ತಾಮ್ರ. ಎಳೆಕಾಯಿಯನ್ನೂ ಸೋಗೆಯನ್ನೂ ಸುಡುವುದು ಅದೇ.

ಕೊಳೆರೋಗಕ್ಕೆ ಈ ಮದ್ದನ್ನು ಕನ್ನಡ ನಾಡಿನಲ್ಲಿ ರೂಢಿಗೆ ತಂದವರು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಅವರ ಕೊಳೆರೋಗದ ವರದಿ 1910ರದು. ಅಂದಿನಿಂದ ತಾಮ್ರ ತೋಟಕ್ಕೆ ಇಳಿಯುತ್ತಲೇ ಇದೆ. ನೂರು ಲೀಟರ್ ದ್ರಾವಣದಲ್ಲಿ ಸುಮಾರು 250 ಗ್ರಾಂ. ಮಳೆಗಾಲಕ್ಕೆ ಎರಡು ಸಲ, ಮಳೆ ಬಿಡದೆ ಹೊಡೆದರೆ ಮೂರು. ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಸೊಪ್ಪು ಗೊಬ್ಬರ ಕರಗಿದ ಕಪ್ಪು ಮಣ್ಣಿಗೆ ಅಂಟಿಕೊಂಡು ಮೇಲ್ಪದರದಲ್ಲೇ ಕೂರುತ್ತದೆ. ನಮ್ಮ ಮುರಕಲ್ಲಿನ ಮಣ್ಣೋ ಹುಳಿ. ಹುಳಿ ಹೆಚ್ಚಿದಷ್ಟೂ ತಾಮ್ರದ ಅಂಟು ಸಡಿಲ. ಬೇರು ಇದನ್ನು ಹೇಗೆ ತಡೆದುಕೊಳ್ಳುತ್ತದೆ?

ತಾಮ್ರವಿಲ್ಲದೆ ಗಿಡಕ್ಕೆ ಬದುಕಿಲ್ಲ. ಬಿಸಿಲನ್ನು ಆಹಾರವಾಗಿಸುವಾಗ ಎಲೆಯೊಳಗೆ ಎಲೆಕ್ಟ್ರಾನು ಸಾಗಿಸುವ ಪ್ಲಾಸ್ಟೋಸಯನಿನ್ ಎಂಬ ಪ್ರೋಟೀನಿನ ನಡುವೆ ಕೂತಿರುವುದು ತಾಮ್ರದ ಒಂದು ಪರಮಾಣು. ಎಲೆಕ್ಟ್ರಾನು ಕೊಟ್ಟು ಪಡೆಯುವ ಈ ಸಲೀಸೇ ಅದರ ಕೇಡು ಕೂಡ. ಅಂಕೆಯಿಲ್ಲದ ತಾಮ್ರ ಉಸಿರಾಟದ ಉಪಉತ್ಪನ್ನವಾದ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ. ಅದು ಕೋಶದ ಪೊರೆ, ಡಿಎನ್‌ಎ ಯಾವುದನ್ನೂ ಬಿಡದು. ಮೊದಲು ಸೊರಗುವುದು ಬೇರಿನ ತುದಿ.

ಗಿಡ ಈ ಲೋಹವನ್ನು ಪಳಗಿಸುವ ಬಗೆಯನ್ನು ವಿಜ್ಞಾನಿಗಳು ಹೆಚ್ಚಾಗಿ ಬಿಡಿಸಿದ್ದು ಅರಾಬಿಡಾಪ್ಸಿಸ್ ಎಂಬ ಸಾಸಿವೆ ಬಳಗದ ಪುಟ್ಟ ಕಳೆಯಲ್ಲಿ. ಬೇರು ಸಿಟ್ರೇಟಿನಂಥ ಆಮ್ಲಗಳನ್ನು ಹೊರಗೆ ಸ್ರವಿಸಿ ಒಂದಷ್ಟು ಲೋಹವನ್ನು ಅಲ್ಲೇ ಕಟ್ಟುತ್ತದೆ. ಕೋಶಭಿತ್ತಿಯ ಪೆಕ್ಟಿನ್ ಇನ್ನಷ್ಟನ್ನು ಹಿಡಿಯುತ್ತದೆ. ತಾಮ್ರ ಸಾಕಾದಾಗ ಅದನ್ನು ಒಳಗೆ ಎಳೆಯುವ ಕಾಪ್ಟ್ ಎಂಬ ಬಾಗಿಲುಗಳನ್ನೇ ಗಿಡ ಕಡಿಮೆ ಮಾಡುತ್ತದೆ. ಇಷ್ಟು ಕಾವಲು ಯಾರಾದರೂ ಊಹಿಸಬಹುದಾದದ್ದು. ಬೆರಗಿರುವುದು ಒಳಗೆ.

ಒಳಬಂದ ತಾಮ್ರ ಒಂದು ಕ್ಷಣವೂ ಒಂಟಿಯಾಗಿ ಅಲೆಯುವಂತಿಲ್ಲ. ಅದಕ್ಕೆಂದೇ ಬೆಂಗಾವಲು ಪ್ರೋಟೀನುಗಳಿವೆ. ಹೆಂಚು ಹೊದೆಸುವಾಗ ಏಣಿಯುದ್ದಕ್ಕೂ ನಿಂತವರು ಹೆಂಚನ್ನು ಕೈಯಿಂದ ಕೈಗೆ ದಾಟಿಸುವ ಹಾಗೆ, ಒಂದರ ಗಂಧಕದ ಹಿಡಿತ ಬಿಡುವ ಮೊದಲೇ ಇನ್ನೊಂದು ಹಿಡಿದಿರುತ್ತದೆ. ಯೀಸ್ಟ್ ಕೋಶಗಳ ಮೇಲೆ 1999ರಲ್ಲಿ ಪ್ರಕಟವಾದ ಅಧ್ಯಯನವೊಂದರ ಲೆಕ್ಕದಂತೆ, ಇಡೀ ಕೋಶದಲ್ಲಿ ಬಿಡಿ ತಾಮ್ರದ ಅಯಾನು ಒಂದಕ್ಕಿಂತಲೂ ಕಡಿಮೆ. ಅಂದರೆ ಸರಾಸರಿಯಲ್ಲಿ ಒಂದೂ ಇಲ್ಲ! ಕತ್ತಿ ಅದ್ದಿ ನೋಡುವ ಕೃಷಿಕರು ಮೆಚ್ಚುವ ಲೆಕ್ಕ ಇದು.

ಕೆಲಸಕ್ಕೆ ಹಚ್ಚಲು ಜಾಗವಿಲ್ಲದ ಹೆಚ್ಚುವರಿ ತಾಮ್ರಕ್ಕೆ ಮೆಟಲೋಥಯೋನಿನ್‌ಗಳಿವೆ: ಮೈತುಂಬ ಗಂಧಕವುಳ್ಳ ಸಿಸ್ಟೀನ್ ಹೊತ್ತ ಚಿಕ್ಕ ಪ್ರೋಟೀನುಗಳು. ಇವು ಮೊದಲು ಸಿಕ್ಕಿದ್ದು ಗಿಡದಲ್ಲಲ್ಲ, 1957ರಲ್ಲಿ ಕುದುರೆಯ ಮೂತ್ರಪಿಂಡದಲ್ಲಿ. ಇವುಗಳ ಸೋದರಿಯಂಥ ಫೈಟೋಕೆಲಾಟಿನ್‌ಗಳನ್ನು 1985ರಲ್ಲಿ ಜರ್ಮನಿಯ ಗ್ರಿಲ್, ವಿನಾಕರ್, ಝೆಂಕ್ ಗುರುತಿಸಿದರು. ನನ್ನ ಮೆಚ್ಚುಗೆ ಇವುಗಳಿಗೇ ಒಂದು ತೂಕ ಹೆಚ್ಚು. ಇವುಗಳಿಗೆ ವಂಶವಾಹಿಯಲ್ಲಿ ನೇರ ನಕ್ಷೆಯೇ ಇಲ್ಲ. ಕೋಶದಲ್ಲಿ ಸದಾ ಇರುವ ಗ್ಲುಟಾಥಯೋನಿನ ತುಂಡುಗಳನ್ನು ಒಂದು ಕಿಣ್ವ ಸ್ಥಳದಲ್ಲೇ ಪೋಣಿಸುತ್ತದೆ. ಆ ಕಿಣ್ವಕ್ಕೆ ಚಾಲನೆ ಕೊಡುವುದು ಒಳನುಗ್ಗಿದ ಲೋಹವೇ. ಲೋಹವೆಲ್ಲ ಸೆರೆಯಾದ ಮೇಲೆ ಕೆಲಸ ತಾನಾಗಿ ನಿಲ್ಲುತ್ತದೆ. ತಾಮ್ರಕ್ಕಿಂತ ಇದರ ಉಪಕಾರ ಹೆಚ್ಚು ಬೀಳುವುದು ರಂಜಕದ ಗೊಬ್ಬರದ ಜೊತೆ ಸದ್ದಿಲ್ಲದೆ ಬರುವ ಕ್ಯಾಡ್ಮಿಯಮ್ಮಿನ ವಿರುದ್ಧ. ಸೆರೆಸಿಕ್ಕ ಕ್ಯಾಡ್ಮಿಯಂ ಕೋಶದ ನಡುವಿನ ದೊಡ್ಡ ಚೀಲವಾದ ರಸದಾನಿಗೆ ಹೋಗಿ ಸೇರುತ್ತದೆ.

ಇಷ್ಟಕ್ಕೆಲ್ಲ ಗಂಧಕ ಬೇಕು, ಶಕ್ತಿ ಬೇಕು. ಬೆಳವಣಿಗೆಗೆ ಹೋಗಬೇಕಾದದ್ದು ಕಾವಲಿಗೆ ಹೋಗುತ್ತದೆ. ದೊಡ್ಡ ಮರಕ್ಕೆ ಆಳಕ್ಕಿಳಿದ ಬೇರುಗಳ ಆಸರೆಯಿದೆ. ಹಳೆಯ ತೋಟದ ನಡುವೆ ನೆಟ್ಟ ಎಡೆಸಸಿಗೆ ಇರುವುದು ಕೆಲವೇ ಎಳೆಬೇರು, ಅವೂ ತಾಮ್ರ ಹೆಚ್ಚಿರುವ ಮೇಲ್ಪದರದಲ್ಲೇ. ಅಂಥ ಕಡೆ ಗುಂಡಿಯನ್ನು ಆಳವಾಗಿ ತೋಡಿ, ಅಡಿಮಣ್ಣಿಗೆ ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಬೆರೆಸಿ ತುಂಬಿದರೆ, ಕಟ್ಟಿಹಾಕುವ ಕೆಲಸದಲ್ಲಿ ಅರ್ಧವನ್ನು ಗೊಬ್ಬರವೇ ಹೊರಗಡೆ ಮಾಡಿ ಮುಗಿಸುತ್ತದೆ.